ಕೆಂಪುದಿಬ್ಬದ ಗಾದಿ

ನಮ್ಮೂರಿನಲ್ಲಿ ಏಳನೆಯ ತರಗತಿ ಮುಗಿಸಿದ ಮಕ್ಕಳು ನೇರವಾಗಿ ಹೈಸ್ಕೂಲಿಗೆ ಹೋಗುವುದಿಲ್ಲ. ಮೊದಲು ಅಪ್ಪ ಇಲ್ಲವೆ ಅವ್ವ ಹೋಗಬೇಕು. ಬೇಸಿಗೆ ರಜೆ ಮುಗಿದ ಮೊದಲ ವಾರ ಹೆತ್ತವರಲ್ಲಿ ಒಬ್ಬರು ಎಂಟನೆಯ ತರಗತಿಯ ಬೆಂಚಿನ ಮೇಲೆ ಕೂರುತ್ತಾರೆ. ಅವರು ಬಿಟ್ಟುಬಂದ ಕೆಲಸವನ್ನು ಆ ವಾರ ಮಕ್ಕಳು ಮಾಡುತ್ತಾರೆ. ಶನಿವಾರ ಸಂಜೆ ಊರ ನಡುವಿನ ಚೌಕದ ಕಟ್ಟೆ ಹತ್ತಿ, ನಮ್ಮ ಮಗುವಿಗೆ ಇಂಥ ಶಾಲೆ ಎಂದು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಬೇಕು. ಕೂಗಿದ ಮೇಲೆ ಮಾತು ಮುಗಿಯಿತು, ಹತ್ತನೆಯ ತರಗತಿಯವರೆಗೆ ಅದೇ ಶಾಲೆ. ಇದಕ್ಕೆ ನಾವು ಅದಲುಬದಲು ವಾರ ಎನ್ನುತ್ತೇವೆ.

ಆ ವಾರ ಹೊಸದಾಗಿ ಊರಿಗೆ ಬಂದವರು ಕಕ್ಕಾಬಿಕ್ಕಿಯಾಗುತ್ತಾರೆ. ಅಂಚೆ ಕಚೇರಿಯ ಕಿಟಕಿಯಲ್ಲಿ ಎರಡು ಜಡೆಯ ಹುಡುಗಿ ಕೂತು ಧಡಧಡ ಮುದ್ರೆ ಒತ್ತುತ್ತಿರುತ್ತಾಳೆ. ಖಾನಾವಳಿಯಲ್ಲಿ ರೊಟ್ಟಿಗಳು ಯಾವ ಆಕಾರದಲ್ಲಾದರೂ ಬರಬಹುದು. ಕ್ಷೌರದಂಗಡಿಯಲ್ಲಿ ಹುಡುಗನೊಬ್ಬ ಸ್ಟೂಲಿನ ಮೇಲೆ ನಿಂತು ಕತ್ತರಿ ಝಳಪಿಸುವುದರಿಂದ ಊರ ಗಂಡಸರೆಲ್ಲ ವಾರವಿಡೀ ಗಡ್ಡ ಬಿಟ್ಟುಕೊಂಡು ಓಡಾಡುತ್ತಾರೆ. ಬಸ್ಸು ಓಡಿಸುವವರ ಮನೆಗಳಲ್ಲಿ ಮಾತ್ರ ಅವ್ವಂದಿರೇ ಶಾಲೆಗೆ ಹೋಗುತ್ತಾರೆ; ಅಷ್ಟು ಬುದ್ಧಿ ನಮ್ಮೂರಿಗೂ ಇದೆ. ಇನ್ನೊಂದು ಕಟ್ಟುನಿಟ್ಟು ಏನೆಂದರೆ, ಶಾಲೆಗೆ ಹೋದವರು ಆ ವಾರ ತಮ್ಮ ಕೆಲಸಕ್ಕೆ ಕೈ ಹಚ್ಚುವಂತಿಲ್ಲ. ಹೀಗೆ ಮಾಡು, ಹಾಗೆ ಮಾಡು ಎಂದು ಬಾಯಿ ಹಾಕುವಂತೆಯೂ ಇಲ್ಲ.

ನನ್ನ ಹೆಸರು ಇಮಾಮಸಾಬ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗಾದಿ ಅಂಗಡಿ ಇಟ್ಟಿದ್ದೇನೆ. ಅರಳೆ ಹಿಂಜುವುದು, ತುಂಬುವುದು, ಅರಳೆ ಸರಿಯದಂತೆ ಅಲ್ಲಲ್ಲಿ ದಾರದ ಟಾಕಿ ಹಾಕುವುದು ನನ್ನ ಕೆಲಸ; ಗಾದಿಗೆ ಗಲೀಫು, ಅಂದರೆ ಬಟ್ಟೆಯ ಹೊದಿಕೆ ಹೊಲಿಯುವುದು ಹೆಂಡತಿ ಹುಸೇನಬಿಯ ಕೆಲಸ. ನಮಗೆ ಒಬ್ಬಳೇ ಮಗಳು, ಮುಬೀನಾ. ಆಕೆ ಏಳನೆಯದನ್ನು ಮುಗಿಸಿದ ವರ್ಷ ನಮ್ಮ ಮನೆಯಲ್ಲಿ ಶಾಲೆಯ ಬಗ್ಗೆ ಚರ್ಚೆಯೇ ಇರಲಿಲ್ಲ. ಊರೊಳಗಿನ ಕೋಟೆ ಶಾಲೆ ಎಂದು ಹುಸೇನಬಿ ಯಾವತ್ತೋ ನಿರ್ಧರಿಸಿಬಿಟ್ಟಿದ್ದಳು. ನಾಲ್ಕು ಅಂತಸ್ತಿನ ಕಟ್ಟಡ, ಗೇಟಿಗೆ ಕಾವಲುಗಾರ, ಕಂಪ್ಯೂಟರ್ ಕೋಣೆ, ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಇನ್ನೇನು ಬೇಕು?

ಸೋಮವಾರ ಬೆಳಿಗ್ಗೆ ಅಂಗಡಿಯ ಬೀಗದ ಕೈ ಮಗಳ ಕೈಗೆ ಕೊಟ್ಟು ಕೋಟೆ ಶಾಲೆಗೆ ಹೋದೆ. ಅದು ಕೆಟ್ಟ ಶಾಲೆ ಎಂದು ನಾನು ಯಾರ ಮುಂದೆಯೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಅಲ್ಲಿಂದ ಕಲಿತು ದೊಡ್ಡ ದೊಡ್ಡ ಕೆಲಸಕ್ಕೆ ಹೋದವರು ನಮ್ಮ ಓಣಿಯಲ್ಲೇ ಇದ್ದಾರೆ. ಆದರೆ ತರಗತಿ ಎಂದರೆ ಒಂದು ಸಂತೆ. ನನಗೆ ಕಂಬದ ಹಿಂದೆ ಜಾಗ ಸಿಕ್ಕಿತು. ಮಾಸ್ತರರು ಮೈಕಿನಲ್ಲಿ ಪಾಠ ಮಾಡುತ್ತಿದ್ದರು. ದನಿ ಕಿವಿಯ ಹತ್ತಿರವೇ ಇತ್ತು, ಮನುಷ್ಯ ಎಲ್ಲಿದ್ದಾನೆಂದು ಗೊತ್ತಾಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಳೆಯಿತು. ನಾನು ನಿದ್ದೆ ಹೋದದ್ದು ಯಾರಿಗೂ ತಿಳಿಯಲಿಲ್ಲ, ಎಚ್ಚರವಾದದ್ದೂ ತಿಳಿಯಲಿಲ್ಲ. ಮಂಗಳವಾರವೂ ಹಾಗೇ ಆಯಿತು.

"ಏನು ಕಲಿಸಿದ್ರು?" ಎಂದು ಹುಸೇನಬಿ ಸಂಜೆ ಕೇಳಿದಳು.

"ಚೊಲೋನ ಕಲಿಸಿದ್ರು ಕಾಣತೈತಿ," ಎಂದೆ.

ಅಷ್ಟರಲ್ಲಿ ಮುಬೀನಾ ಅಂಗಡಿಯಿಂದ ಓಡಿಬಂದಳು. ತಲೆ, ಹುಬ್ಬು, ರೆಪ್ಪೆಗಳ ಮೇಲೆಲ್ಲ ಅರಳೆ ಕೂತು ಬೆಳ್ಳಗಾಗಿದ್ದಳು. ಮುಖ ಮಾತ್ರ ಬೆಂಕಿ ಹಚ್ಚಿದ ಹಾಗೆ ಹೊಳೆಯುತ್ತಿತ್ತು. "ಅಪ್ಪಾ, ದೊಡ್ಡ ಆರ್ಡರ್ ಬಂದೈತಿ! ಹಳ್ಳದ ಆಚೆ ಕೆಂಪುದಿಬ್ಬದ ಶಾಲಿ ಐತೆಲ್ಲ, ಅಲ್ಲಿ ಕಲಿಸೂ ಅಕ್ಕೋರು ಬಂದಿದ್ರು. ಹೈಜಂಪ್ ಮಾಡಿದವ್ರು ಬೀಳಾಕ ಗಾದಿ ಬೇಕಂತ. ಎರಡು ಬಾಗಿಲಾ ಜೋಡಿಸಿ ಇಟ್ಟಷ್ಟು ಅಗಲ, ನನ್ನ ಸೊಂಟದಷ್ಟು ದಪ್ಪ. ಶುಕ್ರವಾರ ಕೊಡ್ತೀನಿ ಅಂತ ಹೇಳೀನಿ."

"ಈ ಶುಕ್ರವಾರ?"

"ಹೂಂ. ಅಲ್ಲಿ ಚಂಪಾ ಅಂತ ಹುಡುಗಿ ಅದಾಳಂತಪ್ಪಾ, ಅಕ್ಕೋರ ಗದ್ದಕ್ಕಿಂತ ಎತ್ತರ ಹಾರ್ತಾಳಂತ. ಉಸುಕಿನ ಮ್ಯಾಲೆ ಬಿದ್ದು ಬಿದ್ದು ಬೆನ್ನೆಲ್ಲ ತರಚೈತಂತ. ಮುಂದಿನ ತಿಂಗಳ ಆಟದ ಮೇಳ ಐತಿ."

"ಅಂಥಾ ಗಾದಿ ನಾ ಇಷ್ಟು ವರ್ಷದಾಗ ಒಂದೂ ಮಾಡಿಲ್ಲಲೇ ಮುಬೀನಾ."

"ನಾನೂ ಮಾಡಿಲ್ಲ!" ಎಂದು ನಕ್ಕಳು. ನಾನು ಇನ್ನೇನೋ ಹೇಳಲು ಬಾಯಿ ತೆರೆದೆ. ಆಕೆ ತುಟಿಯ ಮೇಲೆ ಬೆರಳಿಟ್ಟು, "ಬಾಯಿ ಹಾಕೂಹಂಗಿಲ್ಲ," ಎಂದಳು.

ಬುಧವಾರ ಬೆಳಿಗ್ಗೆ ಕೋಟೆ ಶಾಲೆಯ ಗೇಟಿನವರೆಗೆ ಹೋದವನು ಒಳಗೆ ಕಾಲಿಡಲಿಲ್ಲ. ಅದಲುಬದಲು ವಾರದಲ್ಲಿ ಯಾವ ಶಾಲೆಯಲ್ಲಿ ಬೇಕಾದರೂ ಹೋಗಿ ಕೂರಬಹುದು. ಮಗಳು ಒಪ್ಪಿಕೊಂಡ ಗಾದಿ ಎಂಥದ್ದು, ಎಲ್ಲಿ ಹಾಸುತ್ತಾರೆ, ನೋಡಿಕೊಂಡಾದರೂ ಬರೋಣ ಎಂದುಕೊಂಡು ಹಳ್ಳದ ದಾರಿ ಹಿಡಿದೆ. ಜೋಳದ ಹೊಲಗಳ ನಡುವೆ ಬದುವಿನ ಮೇಲೆ ನಡೆದು, ಹಳ್ಳದ ಬಂಡೆಗಳನ್ನು ದಾಟಿದರೆ ಕೆಮ್ಮಣ್ಣಿನ ದಿಬ್ಬ. ದಿಬ್ಬದ ಮೇಲೆ ಮೂರು ಕೋಣೆ, ಉದ್ದನೆಯ ಒಂದು ಪಡಸಾಲೆ, ಸುತ್ತ ಬೇವಿನ ಗಿಡಗಳು. ಅಷ್ಟೇ ಶಾಲೆ. ನಾನು ಏದುಸಿರು ಬಿಡುತ್ತ ಹತ್ತುವ ಹೊತ್ತಿಗೆ, ಎತ್ತರದ ಹೆಂಗಸೊಬ್ಬರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಟೆ ಬಾರಿಸುತ್ತಿದ್ದರು. ಅವರೇ ನೀಲಾಂಬಿಕಾ ಅಕ್ಕೋರು, ಅಲ್ಲಿನ ಮುಖ್ಯೋಪಾಧ್ಯಾಯಿನಿ.

"ತಡಾ ಆತಲ್ರಿ. ಹೆಸರೇನು?"

"ಇಮಾಮಸಾಬ್ರಿ. ಮುಬೀನಾನ ಅಪ್ಪ. ಗಾದಿ ಅಂಗಡಿ..."

"ಓಹೋ, ಆ ಹುಡುಗಿ ಅಪ್ಪಾರು! ಬರ್ರಿ, ಮುಂದಿನ ಬೆಂಚಿನಾಗ ಕೂಡ್ರಿ. ಹಿಂದಿನ ಬೆಂಚು ಇಲ್ಲ ನಮ್ಮಲ್ಲಿ."

ನಿಜವಾಗಿಯೂ ಇರಲಿಲ್ಲ. ಎಂಟು ಮತ್ತು ಒಂಬತ್ತನೆಯ ತರಗತಿಗೆ ಒಂದೇ ಕೋಣೆ; ಎಂಟಕ್ಕೆ ಅವತ್ತು ಬಂದ ಹೆತ್ತವರೆಂದರೆ ನಾನೊಬ್ಬನೇ, ಒಂಬತ್ತರ ಮಕ್ಕಳು ಬೆಂಚುಗಳನ್ನು ದುಂಡಗೆ ಇಟ್ಟುಕೊಂಡು ಕೂತಿದ್ದರು. ಉದ್ದ ಕಾಲಿನ, ಮೊಣಕೈಗೆ ಅರಿಶಿನ ಮೆತ್ತಿಕೊಂಡಿದ್ದ ಹುಡುಗಿಯೊಬ್ಬಳು ಸರಿದು ನನಗೆ ಜಾಗ ಕೊಟ್ಟಳು. ಅವಳೇ ಚಂಪಾ.

ಮೊದಲ ಪಾಠ ಲೆಕ್ಕದ್ದು. ಅಕ್ಕೋರು ಬೋರ್ಡಿನ ಮೇಲೆ ಉದ್ದನೆಯ ಲೆಕ್ಕವೊಂದನ್ನು ಬಿಡಿಸುತ್ತ ಹೋದರು, ಕೆಳಗೆ ಬಂದು ನಿಂತರು, ಉತ್ತರ ನೋಡಿ ಹುಬ್ಬು ಗಂಟಿಕ್ಕಿದರು. "ತಪ್ಪೈತಿ," ಎಂದರು. "ನಾ ಎಲ್ಲೋ ತಪ್ಪು ಮಾಡೀನಿ. ಎಲ್ಲಿ ಹುಡುಕ್ರಿ ನೋಡೂಣು." ಮಕ್ಕಳೆಲ್ಲ ಬೆಂಚು ಬಿಟ್ಟು ಬೋರ್ಡಿಗೆ ಮುತ್ತಿಕೊಂಡರು. ಇಲ್ಲಿ ಅಂದರು, ಅಲ್ಲಿ ಅಂದರು, ಒಬ್ಬರ ಬೆರಳನ್ನು ಇನ್ನೊಬ್ಬರು ಸರಿಸಿದರು. ನನಗೆ ಗೊತ್ತಿಲ್ಲದಂತೆಯೇ ನಾನೂ ಎದ್ದು ಹೋಗಿ ಅವರ ನಡುವೆ ನಿಂತಿದ್ದೆ. "ಇದೇ ಇರಬೇಕ್ರಿ!" ಎಂದು ಒಂದು ಸಾಲಿಗೆ ಬೆರಳಿಟ್ಟೆ. ಅದು ಸರಿಯಾಗಿದ್ದ ಸಾಲು. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಕೊನೆಗೆ ತಪ್ಪನ್ನು ಚಂಪಾಳೇ ಹುಡುಕಿದಳು. ಅಕ್ಕೋರು ಚಪ್ಪಾಳೆ ತಟ್ಟಿ ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟು, ತಾವು ಅವಳ ಜಾಗದಲ್ಲಿ ಬಂದು ಕೂತರು.

ಊಟದ ಬಿಡುವಿನಲ್ಲಿ ಅವರೇ ನನ್ನ ಹತ್ತಿರ ಬಂದು ಹೇಳಿದರು: "ನಿಮಗ ಎಲ್ಲಾ ಗೊತ್ತಿರಲಿ, ಇಮಾಮಸಾಬ್ರ. ನಮ್ಮಲ್ಲಿ ಲೆಕ್ಕದ ಮಾಸ್ತರು ಇಲ್ಲ. ನಾ ಕನ್ನಡದಾಕಿ. ಲೆಕ್ಕಾ ನಾನೂ ಕಲ್ಕೋತನ ಕಲಸ್ತೀನಿ. ಕಂಪ್ಯೂಟರ್ ಇಲ್ಲ. ಪ್ರಯೋಗಶಾಲೆ ಅಂದ್ರ ಆ ಕಪಾಟು. ಮಳಿ ಜೋರಾದ್ರ ಹಳ್ಳ ಬರತೈತಿ. ಆಮ್ಯಾಲೆ ಅಕ್ಕೋರು ಮುಚ್ಚಿಟ್ರು ಅನಬಾರದು."

ನಾನು ತಲೆಯಾಡಿಸಿದೆ. ಆ ಹೊತ್ತಿನಲ್ಲಿ ಅವರು ಶಾಲೆಗೆ ಸೂರಿಲ್ಲ ಎಂದಿದ್ದರೂ ನಾನು ಸರಿ ಎನ್ನುತ್ತಿದ್ದೆನೇನೋ.

ಮನೆಗೆ ಹೆಚ್ಚುಕಡಿಮೆ ಓಡುತ್ತಲೇ ಬಂದೆ. ಹುಸೇನಬಿ ಹೊಲಿಗೆ ಯಂತ್ರದ ಮುಂದೆ ಕೂತು ಕೆಂಪುದಿಬ್ಬದ ಗಾದಿಗೇ ದಪ್ಪ ಬಟ್ಟೆಯ ಗಲೀಫು ಹೊಲಿಯುತ್ತಿದ್ದಳು. ಬೋರ್ಡಿನ ಲೆಕ್ಕ, ದುಂಡನೆಯ ಬೆಂಚು, ಚಂಪಾ, ಬೇವಿನ ಗಿಡ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆಕೆ ಯಂತ್ರ ನಿಲ್ಲಿಸಲಿಲ್ಲ.

"ಲೆಕ್ಕದ ಮಾಸ್ತರು ಇಲ್ಲ ಅಂತ ನೀವೇ ಹೇಳಾಕತ್ತೀರಿ."

"ಇಲ್ಲ. ಆದ್ರ..."

"ಹಳ್ಳಾ ದಾಟಬೇಕು."

"ದಾಟಬೇಕು."

"ಹತ್ತನೇತ್ತ್ಯಾಗ ಲೆಕ್ಕದಾಗ ಫೇಲಾದಳು ಅಂದ್ರ ಯಾರು ಬರ್ತಾರ? ನಿಮ್ಮ ಬೇವಿನ ಗಿಡಾ ಬರತೈತೇನು? ನೀವು ಒಂದು ದಿನ ಕುಂತು ನಕ್ಕು ಬಂದೀರಿ. ಆಕಿ ಮೂರು ವರ್ಷ ಕುಂದರಬೇಕು."

ಆಕೆ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೂ ಗುರುವಾರ ಬೆಳಗಾಗುವುದನ್ನೇ ಕಾದು ಮತ್ತೆ ಕೆಂಪುದಿಬ್ಬಕ್ಕೆ ಹೋದೆ. ಅವತ್ತು ಹೊಲದ ಬದುವಿನಲ್ಲಿ ಕೂತು ಇರುವೆ ಸಾಲುಗಳ ಚಿತ್ರ ಬರೆದೆವು. ನನ್ನ ಇರುವೆಗಳು ಎಮ್ಮೆಗಳಂತೆ ಕಾಣುತ್ತವೆಂದು ಚಂಪಾ ಹೇಳಿದಳು. ಸಂಜೆ ಅಂಗಡಿಯ ಮುಂದೆ ಹಾದುಹೋಗುವಾಗ ಒಳಗಿನಿಂದ ಅರಳೆ ಹಿಂಜುವ ಯಂತ್ರದ ಸದ್ದು ಬರುತ್ತಿತ್ತು. ಇಣುಕಿದೆ. ಮುಬೀನಾ ಬಂದು ಅರ್ಧ ಬಾಗಿಲು ಹಾಕಿದಳು. "ನೋಡಬ್ಯಾಡಪ್ಪಾ, ನಾಳೆ ನೋಡೀವಂತಿ," ಎಂದಳು. ಬಾಗಿಲ ಸಂದಿಯಲ್ಲಿ ಕಂಡದ್ದು ಒಂದು ಬಿಳಿಯ ಗುಡ್ಡ.

ಶುಕ್ರವಾರ ಮಧ್ಯಾಹ್ನ ಟ್ರ್ಯಾಕ್ಟರಿನ ಸದ್ದು ಕೇಳಿದ್ದೇ ತಡ, ಕೆಂಪುದಿಬ್ಬದ ತರಗತಿಗಳೆಲ್ಲ ಖಾಲಿಯಾದವು. ಹಳ್ಳದ ಇಳಿಜಾರಿನಲ್ಲಿ ಟ್ರೇಲರು ಕಾಣಿಸಿತು. ಅದರ ತುಂಬ ಗಾದಿ, ಗಾದಿಯ ಮೇಲೆ ಮೆರವಣಿಗೆಯಲ್ಲಿ ಕೂತವಳಂತೆ ಮುಬೀನಾ, ಹಿಂದೆ ಅಂಚು ಹಿಡಿದುಕೊಂಡು ಹೆದರಿ ಕೂತ ಹುಸೇನಬಿ. ಮಗಳೊಬ್ಬಳೇ ಟ್ರ್ಯಾಕ್ಟರಿನಲ್ಲಿ ಹೋಗುವುದು ಬೇಡವೆಂದು ಜೊತೆಗೆ ಬಂದಿದ್ದಳು. ಮಕ್ಕಳು ಕೇಕೆ ಹಾಕಿಕೊಂಡು ಇಳಿದು ಓಡಿದರು. ಎಲ್ಲರೂ ಸೇರಿ ಗಾದಿಯನ್ನು ಹೊತ್ತು ತಂದು ಎರಡು ಗೂಟಗಳ ನಡುವೆ ಅಡ್ಡ ಇಟ್ಟ ಬಿದಿರಿನ ಗಳುವಿನ ಆಚೆ ಇಟ್ಟರು. ನಾನೂ ಕೈಕೊಡಲು ಹೋದೆ. "ಇಮಾಮಸಾಬ್ರ, ಕೈ ಹಿಂದ!" ಎಂದು ಅಕ್ಕೋರು ಗದರಿದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.

ಹೊರಗಿನಿಂದ ನೋಡಲು ಗಾದಿ ಭರ್ಜರಿಯಾಗಿತ್ತು. ಗಟ್ಟಿಯಾಗಿ ತುಂಬಿದ್ದಳು, ಅಂಚು ನೇರವಾಗಿತ್ತು. ಚಂಪಾ ಹಿಂದೆ ಹಿಂದೆ ಹೋಗಿ ಬೇವಿನ ಗಿಡಕ್ಕೆ ಬೆನ್ನು ತಾಗಿಸಿ ನಿಂತಳು. ಓಡಿ ಬಂದಳು, ತಿರುಗಿದಳು, ಹಾರಿದಳು. ಗಳುವಿನ ಮೇಲೆ ಅವಳ ಬೆನ್ನು ಬಿಲ್ಲಿನಂತೆ ಬಾಗಿದ್ದನ್ನು ನಾನು ಬಾಯಿಬಿಟ್ಟು ನೋಡಿದೆ. ಆಮೇಲೆ ಅವಳು ಗಾದಿಯ ಮೇಲೆ ಬಿದ್ದಳು. ಢಬ್ ಎಂದು ಸದ್ದಾಯಿತು. ಗಾದಿಯ ಒಂದು ಮಗ್ಗುಲು ಹೊಲಿಗೆ ಕಿತ್ತು, ತೂಬು ಒಡೆದ ಕೆರೆಯಂತೆ ಅರಳೆ ಹೊರಗೆ ನುಗ್ಗಿತು. ಗಾಳಿ ಬೇರೆ ಬೀಸುತ್ತಿತ್ತು. ಅಂಗಳ, ಬೇವಿನ ಗಿಡ, ಪಡಸಾಲೆ, ಅಕ್ಕೋರ ತಲೆ, ಎಲ್ಲ ಬೆಳ್ಳಗಾಯಿತು.

ಚಂಪಾಳಿಗೆ ಏನೂ ಆಗಿರಲಿಲ್ಲ, ಅರಳೆಯ ಗುಡ್ಡೆಯ ನಡುವೆ ಕಣ್ಣು ಪಿಳಿಪಿಳಿ ಬಿಡುತ್ತ ಕೂತಿದ್ದಳು. ಆದರೆ ಮುಬೀನಾಳ ಮುಖದಲ್ಲಿ ಬಣ್ಣವೇ ಉಳಿದಿರಲಿಲ್ಲ. ನನ್ನ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಹಿಚುಕುತ್ತಿದ್ದವು.

"ಯಾಕ ಒಡೀತು?" ಎಂದರು ನೀಲಾಂಬಿಕಾ ಅಕ್ಕೋರು.

ಗದರಿಸುವ ದನಿಯಲ್ಲ. ಅವರು ಬಾಗಿ ಕಿತ್ತ ಹೊಲಿಗೆಯ ಹತ್ತಿರ ಕಣ್ಣಿಟ್ಟು ನೋಡುತ್ತಿದ್ದರು. "ನನಗ ಗೊತ್ತಿಲ್ಲ, ಅದಕ್ಕ ಕೇಳಾಕತ್ತೀನಿ. ಚಂಪಾ ಬಿದ್ದದ್ದು ನಡುವ. ಒಡದದ್ದು ಮಗ್ಗಲದಾಗ. ಯಾಕ?"

"ಟಾಕಿ ಕಡಿಮಿ ಆಗ್ಯಾವ್ರಿ," ಎಂದು ಮುಬೀನಾ ಸಣ್ಣ ದನಿಯಲ್ಲಿ ಹೇಳಿದಳು. ನಾನೂ ಅದನ್ನೇ ಹೇಳುವವನಿದ್ದೆ. ಇಪ್ಪತ್ತು ವರ್ಷ ಗಾದಿ ಮಾಡಿದವನ ಉತ್ತರ ಅದೇ.

"ಇರಬಹುದು. ಮತ್ತ?"

ಮಕ್ಕಳು ಒಬ್ಬೊಬ್ಬರಾಗಿ ಗಾದಿಯ ಸುತ್ತ ಕೂತರು. ಒಬ್ಬ ಹುಡುಗ ಉಳಿದ ಭಾಗವನ್ನು ಅಂಗೈಯಿಂದ ಗುದ್ದಿ ನೋಡಿದ. ಇನ್ನೊಬ್ಬಳು, ನಮ್ಮ ಮನೆಯ ಗಾದಿ ಕೂತರೆ ಮೆಲ್ಲಗೆ ಉಸ್ಸೆನ್ನುತ್ತದೆ, ಇದು ಯಾಕೆ ಉಸ್ಸೆನ್ನಲಿಲ್ಲ ಎಂದಳು. ಮುಬೀನಾ ತಲೆಯೆತ್ತಿದಳು. "ಉಸ್ಸನ್ನೋದು ಗಾಳಿ," ಎಂದಳು. "ಗಲೀಫು ಭಾಳ ದಪ್ಪ ಬಟ್ಟೀದು. ಒಳಗಿನ ಗಾಳಿ ಹೊರಗ ಹೋಗಾಕ ದಾರಿ ಇಲ್ಲ!" ಚಂಪಾ ಅರಳೆಯಿಂದ ಜಿಗಿದೆದ್ದಳು. "ಊದಿದ ಚೀಲಾ ಗುದ್ದಿದ್ರ ಒಡೀತೈತೆಲ್ಲ, ಹಂಗ!" ಎಂದಳು. "ಮತ್ತ ಗಾಳಿ ಹೋಗೂ ಬಟ್ಟೀ ಹಾಕಿದ್ರ ಅರಳಿನೂ ಹೋಗತೈತಲ್ಲ?" ಎಂದ ಮೊದಲಿನ ಹುಡುಗ. ಇದು ಕಷ್ಟದ ಪ್ರಶ್ನೆ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಾನು ತಡೆಯಲಾರದೆ ಕೈ ಎತ್ತಿದೆ. "ಅಕ್ಕೋರ, ನಾ ಹೇಳ್ಲೇನ್ರಿ?" "ನೀವು ಸುಮ್ಮ ಕೂಡ್ರಿ," ಎಂದರು ಅಕ್ಕೋರು, ನನ್ನ ಕಡೆ ನೋಡದೆಯೇ.

ಕೊನೆಗೆ ಗೋಣಿತಟ್ಟು ಎಂದು ಕೂಗಿದವರು ಯಾರು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಚಂಪಾ ತಾನು ಎನ್ನುತ್ತಾಳೆ, ಮುಬೀನಾ ತಾನು ಎನ್ನುತ್ತಾಳೆ. ಕಾಳಿನ ಖಾಲಿ ಚೀಲಗಳು ಅಡುಗೆ ಕೋಣೆಯಿಂದ ಬಂದವು. ಮಕ್ಕಳು ಅಂಗಳದ ತುಂಬ ಓಡಾಡಿ ಅರಳೆ ಹಿಡಿದು ತಂದರು. ಹುಸೇನಬಿ ಅಷ್ಟು ಹೊತ್ತು ಪಡಸಾಲೆಯ ಕಂಬಕ್ಕೆ ಒರಗಿ ನೋಡುತ್ತ ನಿಂತಿದ್ದವಳು, ತಾನೇ ಬಂದು ದಬ್ಬಣ ಕೇಳಿ ತೆಗೆದುಕೊಂಡಳು. ಆಕೆಗೆ ನಿಷೇಧವಿರಲಿಲ್ಲ. ಗಾದಿಯ ಮಗ್ಗುಲುಗಳಿಗೆ ಗೋಣಿತಟ್ಟನ್ನು ಎರಡು ಪದರ ಮಾಡಿ ಹಚ್ಚಿ ಹೊಲಿಯತೊಡಗಿದಳು. ಹೊಲಿಯುತ್ತ ಚಂಪಾಳನ್ನು ಕೇಳಿದಳು: "ಹಳ್ಳಾ ಬಂದ್ರ ಏನ್ ಮಾಡ್ತೀರಿ?"

"ಅತ್ತೀ, ಬಂಡಿ ಮುಳುಗಿದ್ರ ದಾಟೂಹಂಗಿಲ್ಲ. ಊರ ಕಡೆಯವ್ರು ಅವತ್ತ ನಮ್ಮ ದಿಬ್ಬದ ಮನ್ಯಾಗ ಇರ್ತಾರ. ನಮ್ಮವ್ವ ಹಿಂಡುಗಟ್ಟಲೆ ಹುಡುಗ್ಯಾರಿಗೆ ರೊಟ್ಟಿ ಬಡೀತಾಳ."

"ಬಂಡಿ ಅಲ್ಲಲೇ, ಬಂಡಿ ಅಂದ್ರ ಗಾಡಿ ಅನ್ಕೋತಾರ ಅತ್ತಿ. ಬಂಡೆಗಲ್ಲು ಅನ್ನು," ಎಂದು ಹಿಂದಿನಿಂದ ಯಾರೋ ತಿದ್ದಿದರು. ಹುಸೇನಬಿ ನಕ್ಕಳು.

ಬಿಸಿಲು ಇಳಿಯುವ ಹೊತ್ತಿಗೆ ಚಂಪಾ ಮತ್ತೆ ಬೇವಿನ ಗಿಡಕ್ಕೆ ಬೆನ್ನು ತಾಗಿಸಿದಳು. ಓಡಿದಳು, ಹಾರಿದಳು, ಬಿದ್ದಳು. ಗಾದಿ ದೊಡ್ಡ ಎಮ್ಮೆ ಮಲಗಿದಂತೆ ಉಸ್ಸೆಂದು ನಿಟ್ಟುಸಿರು ಬಿಟ್ಟು ಅವಳನ್ನು ಹಿಡಿದುಕೊಂಡಿತು. ನಾವೆಲ್ಲ ಕೂಗಿದ ಕೂಗಿಗೆ ಗಿಡದ ಹಕ್ಕಿಗಳು ಹಾರಿದವು. ಆಮೇಲೆ ಮುಬೀನಾಳ ಸರದಿ. ಅವಳು ಗಳುವನ್ನೇ ತಬ್ಬಿಕೊಂಡು ಅದರೊಂದಿಗೇ ಗಾದಿಗೆ ಬಿದ್ದಳು. ಎದ್ದು, ಮತ್ತೆ ಓಡಲು ಗಿಡದ ಕಡೆ ಹೋದಳು. ಬಿದ್ದಷ್ಟೂ ನಗು ಜೋರಾಗುತ್ತಿತ್ತು.

ಮೂವರೂ ನಡೆದೇ ಮನೆಗೆ ಹೊರಟೆವು. ಜೋಳದ ಹೊಲ ದಾಟಿದ ಮೇಲೆ ಹುಸೇನಬಿ ಹೇಳಿದಳು: "ಗಾದಿ ಒಡದಾಗ ನಾ ಮುಬೀನಾನ ಮಾರಿ ನೋಡ್ಲಿಲ್ಲ. ಅಕ್ಕೋರ ಮಾರಿ ನೋಡಿದ್ನಿ."

"ಸಿಟ್ಟು ಬಂದಿತ್ತೇನು?"

"ಇಲ್ರೀ. ಅಕ್ಕೋರಿಗೆ ಖುಷಿ ಆಗಿತ್ತು. ಮಕ್ಕಳಿಗೆ ಹಬ್ಬದ ದಿನಾ ಆಗತೈತೆಲ್ಲ, ಹಂಗ."

ಮತ್ತೆ ಸ್ವಲ್ಪ ದೂರ ನಡೆದೆವು. "ಲೆಕ್ಕದ್ದು ಮಾತ್ರ ನನಗಿನ್ನೂ ಚಿಂತಿ ಐತಿ," ಎಂದಳು. ನನಗೂ ಇತ್ತು. ಮುಂದೆ ಹೋಗುತ್ತಿದ್ದ ಮುಬೀನಾ ತಿರುಗಿ, "ಚಂಪಾನ ಬೆಂಚಿನಾಗ ಒಂದು ಜಾಗ ಖಾಲಿ ಐತಂತ," ಎಂದಳು. "ಅದು ನಾ ಕುಂತ ಜಾಗ," ಎಂದೆ. "ನಾಳಿಗೆ ಖಾಲಿ ಆಗತೈತೆಲ್ಲ," ಎಂದಳು.

ಶನಿವಾರ ಸಂಜೆ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬೊಬ್ಬರೇ ಕಟ್ಟೆ ಹತ್ತಿ ಕೂಗಿದರು. ಕೋಟೆ, ಕೋಟೆ, ಕೋಟೆ. ನಡುವೆ ಒಬ್ಬರು ಸ್ಟೇಷನ್ ರಸ್ತೆಯ ಶಾಲೆ ಎಂದರು, ಮತ್ತೆ ಕೋಟೆ. ನಮ್ಮ ಸರದಿ ಬಂದಾಗ ನಾನು ಗಂಟಲು ಸರಿಮಾಡಿಕೊಂಡು ಮೆಟ್ಟಿಲಿಗೆ ಕಾಲಿಟ್ಟೆ. ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದರು. ಹುಸೇನಬಿ. "ನೀವು ಸರೀರಿ, ನಾ ಹೇಳ್ತೀನಿ," ಎಂದಳು. ನಾಲ್ಕು ಜನರ ಮುಂದೆ ದನಿ ಎತ್ತದವಳು ಕಟ್ಟೆಯ ಮೇಲೆ ನಿಂತು ತಲೆಯ ಸೆರಗು ಬಿಗಿಮಾಡಿಕೊಂಡಳು. ಜನವನ್ನು ನೋಡಿದಳು. ಒಂದು ಕ್ಷಣ ಹೆದರಿ ಇಳಿದುಬಿಡುತ್ತಾಳೆ ಎಂದುಕೊಂಡೆ.

"ಕೆಂಪುದಿಬ್ಬ!"

ಬಸ್ ಸ್ಟ್ಯಾಂಡಿನವರೆಗೂ ಕೇಳಿರಬೇಕು. ಗುಂಪಿನಲ್ಲಿ ಗುಸುಗುಸು ಎದ್ದಿತು. "ಅಲ್ಲೆ ಲೆಕ್ಕದ ಮಾಸ್ತರು ಇಲ್ಲವ್ವಾ!" ಎಂದು ಯಾರೋ ಕೂಗಿದರು.

"ಗೊತ್ತೈತ್ರಿ," ಎಂದಳು ಹುಸೇನಬಿ. "ಬರೂತನಕ ಅಕ್ಕೋರು ಅದಾರ. ಅವ್ರಿಗೂ ಬರದಿದ್ರ ಎಲ್ಲಾರೂ ಕೂಡಿ ಹುಡುಕ್ತಾರ." ಇಳಿದು ಬಂದವಳು ಸೀದಾ ಮುಬೀನಾಳ ಪಕ್ಕ ಬಂದು ನಿಂತಳು. ಕಣ್ಣು ಮಿಂಚುತ್ತಿತ್ತು.

ಸೋಮವಾರ ಮುಬೀನಾ ಕೋಳಿ ಕೂಗುವ ಮೊದಲೇ ಎದ್ದು ಕೂತಿದ್ದಳು. ಹಳ್ಳದವರೆಗೆ ಕಳಿಸಿ ಬರೋಣವೆಂದು ನಾನೂ ಹೊರಟೆ. ಹೊಲದ ಬದುವಿನ ಮೇಲೆ ಅವಳು ಮುಂದೆ, ನಾನು ಹಿಂದೆ. ಆಚೆ ದಡದಲ್ಲಿ ಚಂಪಾ ನಿಂತು ಎರಡೂ ಕೈ ಬೀಸುತ್ತಿದ್ದಳು. ದಿಬ್ಬದ ಮೇಲೆ ಗಂಟೆ ಬಾರಿಸಿದ ಸದ್ದು ಕೇಳಿತು. ನನ್ನ ಕಾಲುಗಳು ತಾವಾಗಿಯೇ ಜೋರಾದವು. ಮೊದಲ ಬಂಡೆ ದಾಟಿದೆ, ಎರಡನೆಯದನ್ನು ದಾಟಿದೆ, ಹಳ್ಳದ ನಡುವಿಗೆ ಬಂದಿದ್ದೆ. ಮುಬೀನಾ ಥಟ್ಟನೆ ನಿಂತು ತಿರುಗಿ ನೋಡಿದಳು, ಎರಡು ಬಂಡೆ ಹಿಂದಕ್ಕೆ ಬಂದು ನನ್ನ ಹೆಗಲಿಗೆ ಕೈ ಹಾಕಿದಳು. ಅವಳ ಪಾಟಿಚೀಲ ನನ್ನ ಹೆಗಲಲ್ಲಿತ್ತು. ಮನೆಯಿಂದ ಹೊರಡುವಾಗ ನಾನೇ ಹಾಕಿಕೊಂಡಿದ್ದೆ, ನನಗೇ ಗೊತ್ತಿರಲಿಲ್ಲ.

"ಅಪ್ಪಾ, ಚೀಲ ಕೊಡು," ಎಂದಳು. "ಈಗ ಶಾಲಿ ನಂದು."

ಕೊಟ್ಟೆ. ಅವಳು ಅದನ್ನು ಬೆನ್ನಿಗೆ ಏರಿಸಿಕೊಂಡು ಬಂಡೆಯಿಂದ ಬಂಡೆಗೆ ಹಾರುತ್ತ ಓಡಿದಳು.